ಕನ್ನಡಿಯ ಹಿಂದೆ ಸಿಕ್ಕವಳು

ಶನಿವಾರ
ಅಪ್ಪನ ಇಸ್ತ್ರಿ ಮೇಜಿನಿಂದ

ನರ್ಸಿಂಗ್ ಹಾಸ್ಟೆಲಿನಲ್ಲಿ ದಿಂಬು ತೋಯಿಸುತ್ತಿರುವ ನನ್ನ ಏಕೈಕ ಅಕ್ಕನಿಗೆ,

ಮೊದಲು ಮೂಗು ಒರೆಸಿಕೋ. ನಿನ್ನ ಹೆಬ್ಬಾತು ಸಾಹೇಬರು ಕ್ಷೇಮ. ಹೋಟೆಲಿನವನ ಒಲೆ ಏರಲಿಲ್ಲ, ಇನ್ನು ಏರುವುದೂ ಇಲ್ಲ. ಉಳಿದದ್ದನ್ನು ನಿಧಾನವಾಗಿ ಓದು.

ಜೊತೆಗಾತಿ ಸತ್ತ ಮೇಲೆ ಸಾಹೇಬರು ಕಾಳು ಮುಟ್ಟದೆ ಕೂತದ್ದು ನಿನಗೆ ಗೊತ್ತು. ಒಂಟಿ ಬಾತಿಗೆ ಕನ್ನಡಿ ಇಟ್ಟರೆ ಜೊತೆಯಿದೆ ಅಂದುಕೊಳ್ಳುತ್ತದೆ ಎಂದು ಬರೆದವಳೂ ನೀನೇ. ಸರಿ, ಅಪ್ಪನ ಹೊಲಿಗೆ ಅಂಗಡಿಯ ಆಳೆತ್ತರದ ಕನ್ನಡಿಯನ್ನು ಹೊತ್ತು ತಂದು ಹಿತ್ತಿಲ ಗೋಡೆಗೆ ಒರಗಿಸಿದೆ. ಸಾಹೇಬರು ತಿನ್ನತೊಡಗಿದರು. ಜೊತೆಗೆ, ಕನ್ನಡಿಯ ಹತ್ತಿರ ಸುಳಿದವರನ್ನು ಕಚ್ಚತೊಡಗಿದರು. ಗಿರಾಕಿಗಳು ಮುಖ ನೋಡಿಕೊಳ್ಳಲು ಈಗ ಹಿತ್ತಿಲಿಗೇ ಬರಬೇಕಲ್ಲ. ಹೊಸ ಪ್ಯಾಂಟು ಹಾಕಿ ನೋಡಲು ಬಂದ ಮೇಷ್ಟ್ರು ಅದಕ್ಕೊಂದು ತೇಪೆಯನ್ನೂ ಹಾಕಿಸಿಕೊಂಡು ಹೋದರು. ಅಪ್ಪ ಕತ್ತರಿ ಎತ್ತಿ ಹಿಡಿದು, “ಭಾನುವಾರದೊಳಗೆ ಇದು ಮರ್ಯಾದಸ್ಥರ ಥರ ಇರಬೇಕು, ಇಲ್ಲಾಂದ್ರೆ ಹೋಟೆಲಿನವನ ಪಾಲು” ಎಂದು ತೀರ್ಪಿತ್ತರು.

ಬುಧವಾರ ಒಂದು ಹೆಣ್ಣು ಹೆಬ್ಬಾತು ಮನೆಗೆ ಬಂತು. ಎಲ್ಲಿಂದ ಎಂದು ಕೇಳಬೇಡ, ಬಾಯಿಗೆ ಬೀಗ ಬಿದ್ದಿದೆ. ನಡಿಗೆ ಥೇಟ್ ನಮ್ಮ ಶಾಲೆಯ ದೊಡ್ಡ ಟೀಚರದು, ಅದಕ್ಕೇ ಮೇಡಂ ಎಂದು ಹೆಸರಿಟ್ಟೆ. ಹೊಸ ಜೊತೆ ತಂದರೆ ಹೀಗೆ ಮಾಡಿ ಎಂದು ನೀನು ಕಳೆದ ಕಾಗದದಲ್ಲಿ ಬರೆದಿದ್ದಂತೆ ನಡುವೆ ತಂತಿಬಲೆ ಕಟ್ಟಿ, ಇಬ್ಬರಿಗೂ ಬಲೆಯ ಬುಡದಲ್ಲೇ ಊಟ ಬಡಿಸಿದೆ. ಸಾಹೇಬರು ಬೆನ್ನು ತಿರುಗಿಸಿ ಕನ್ನಡಿಗೇ ನಿಷ್ಠರಾಗಿ ಕೂತರು.

ನಿನ್ನೆ ಬಲೆ ತೆಗೆದೆ. ಪಾಪ, ಮೇಡಂ ಹೋಗಿ ಸಾಹೇಬರ ಪಕ್ಕದಲ್ಲಿ ನಿಂತರು. ಕನ್ನಡಿಯಲ್ಲಿ ಸಾಹೇಬರಿಗೆ ಕಂಡದ್ದೇನು? ತಮ್ಮ ಧರ್ಮಪತ್ನಿಯ ಪಕ್ಕದಲ್ಲಿ ಯಾರೋ ಅಪರಿಚಿತರು. ರೆಕ್ಕೆ ಬಿಚ್ಚಿ ಗಾಜಿಗೆ ನುಗ್ಗಿದರು. ಮೇಡಂ ಹೆದರಿ ಕನ್ನಡಿಗೂ ಗೋಡೆಗೂ ನಡುವಿನ ಸಂದಿ ಹೊಕ್ಕರು. ಅಮ್ಮ ಬಾಗಿಲಲ್ಲಿ ನಿಂತು, “ತಿರುಗ್ಸೋ ಕೋತಿ ಅದನ್ನ, ಗಾಜು ಒಡೆದ್ರೆ ಎರಡೂ ಸಾಯ್ತಾವೆ” ಎಂದಳು. ತಿರುಗಿಸಿದೆ. ಅಷ್ಟರಲ್ಲಿ ಸಾಹೇಬರು ನನ್ನನ್ನೂ ಹಿಡಿದರು. ಎಲ್ಲಿ ಎಂದು ಬರೆಯಲು ಸಂಕೋಚ. ಈ ಕಾಗದವನ್ನು ನಿಂತು ಬರೆಯುತ್ತಿದ್ದೇನೆ ಎಂದಷ್ಟೇ ಹೇಳಬಲ್ಲೆ.

ಈಗ ಸಾಹೇಬರ ಮುಂದೆ ಬರೀ ಮರದ ಹಲಗೆ. ನೋಡುತ್ತ ನಿಂತರು. ಕೊಕ್ಕಿನಿಂದ ಹಲಗೆಯನ್ನು ಒಮ್ಮೆ ತಟ್ಟಿದರು. ಅಕ್ಕ, ಆಗ ಮಾತ್ರ ನನಗೆ ನಗು ಬರಲಿಲ್ಲ. ಕೊನೆಗೆ ಕತ್ತು ತಗ್ಗಿಸಿ, ಕಳೆದುಹೋದವಳನ್ನು ಹುಡುಕಿಕೊಂಡು ಕನ್ನಡಿಯ ಹಿಂದಕ್ಕೆ ಹೋದರು.

ನಾನೂ ಅಮ್ಮನೂ ಕಿವಿಗೊಟ್ಟೆವು. ರಂಪವಿಲ್ಲ. ಒಳಗಿನಿಂದ ಮೆಲ್ಲಗೆ ಗೊಣಗಾಟ. ಮೊದಲು ಒಂದು ದನಿ, ಆಮೇಲೆ ಎರಡು. ಸ್ವಲ್ಪ ಹೊತ್ತಿಗೆ ಸಾಹೇಬರು ಮುಂದೆ, ಮೇಡಂ ಹಿಂದೆ, ನೀರಿನ ತೊಟ್ಟಿಯ ಕಡೆಗೆ ನಡೆದರು. ಇಷ್ಟು ದಿನ ಗಾಜಿನೊಳಗೆ ಸಿಕ್ಕಿಬಿದ್ದಿದ್ದವಳು ಹೊರಗೆ ಬಂದಳು ಎಂದುಕೊಂಡರೋ ಏನೋ. ನಾನು ತಿದ್ದಲು ಹೋಗಿಲ್ಲ.

ಇವತ್ತು ಕನ್ನಡಿ ಅಂಗಡಿಗೆ ವಾಪಸಾಯಿತು. ಸಾಹೇಬರು ತಿರುಗಿಯೂ ನೋಡಲಿಲ್ಲ. ಇನ್ನು ನೀನು ನೆಮ್ಮದಿಯಾಗಿ ನಿದ್ದೆ ಮಾಡು.

ಇತಿ ನಿನ್ನ,
ಸದ್ಯಕ್ಕೆ ಕೂರಲಾರದ ತಮ್ಮ,
ಕೋತಿ

ಮರೆತ ಮಾತು: ಬೀಗ ಒಡೆಯುತ್ತಿದ್ದೇನೆ. ಮೇಡಂ ಬಂದದ್ದು ಅಪ್ಪನ ಸೈಕಲ್ಲಿನಲ್ಲಿ, ಹೊಲಿದ ಕೋಟು ಒಯ್ಯುವ ಚೀಲದಿಂದ ಕತ್ತು ಹೊರಹಾಕಿಕೊಂಡು. ಕೇಳಿದವರಿಗೆಲ್ಲ ಅಪ್ಪ, “ನಮ್ಮ ಕೋತಿ ಎಲ್ಲಿಂದಲೋ ಹಿಡ್ಕೊಂಡು ಬಂದಿದಾನೆ” ಎನ್ನುತ್ತಿದ್ದಾರೆ. ಜನ್ಮದಲ್ಲಿ ನಾನು ಮಾಡದ ಒಂದೇ ಒಂದು ಕಿತಾಪತಿ, ಅದಕ್ಕೂ ತಲೆ ಕೊಟ್ಟಿದ್ದೇನೆ. ನೀನು ಅತ್ತುಕೊಂಡು ಬರೆದ ಕಾಗದವನ್ನು ನನಗಿಂತ ಮೊದಲು ಓದಿದ್ದು ಅವರೇ.