ಎರಡು ವರ್ಷದ ಕಾರ್ಡ್

ವಾಡಿ, ಸೋಮವಾರ

ಶಹಾಬಾದಿನ ಕಂಪ್ಯೂಟರ್ ಅಂಗಡಿಯ ಭಾಗಣ್ಣನವರಿಗೆ ಶರಣು.

ಫೋನಿನಲ್ಲಿ ಮಾತಾಡಿದರೆ ಹಾಸಿಗೆ ಹಿಡಿದಿರುವ ನನ್ನ ಮಗ ರೇವಣಸಿದ್ದನಿಗೆ ಕೇಳಿಸುತ್ತದೆ. ಅದಕ್ಕೇ ಈ ಚೀಟಿ.

ಅವನ ಕಂಪ್ಯೂಟರಿನ ಗ್ರಾಫಿಕ್ಸ್ ಕಾರ್ಡ್ ಕೆಟ್ಟದ್ದು ನನ್ನಿಂದ. ಅದರ ಫ್ಯಾನಿಗೆ ಸಿಮೆಂಟಿನ ಧೂಳು ಕೂತಿತ್ತೆಂದು ಹಸಿ ಬಟ್ಟೆಯಲ್ಲಿ ಒರೆಸಿದೆ. ಮರುದಿನ ಆ ಧೂಳು ಕಲ್ಲಾಗಿತ್ತು. ಸಿಮೆಂಟ್ ಕಾರ್ಖಾನೆಯ ಈ ವಾಡಿಯಲ್ಲಿ ಇಪ್ಪತ್ತು ವರ್ಷ ಬಾಳಿದವಳಿಗೆ ಅಷ್ಟು ತಿಳಿಯಬೇಡವೇ? ಮಲಗಿದಲ್ಲಿಂದಲೇ ಅವನು ಗೆಳೆಯರ ಜೊತೆ ಆಟ ಆಡುತ್ತಿದ್ದುದು ಆ ಕಂಪ್ಯೂಟರಿನಲ್ಲೇ. ಆದರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಕಾರ್ಡ್ ಬದಲಿಸಿದರೆ ಎರಡು ವರ್ಷ, ಹೊಸ ಕಂಪ್ಯೂಟರ್ ಕಟ್ಟಿದರೆ ಎಂಟು ವರ್ಷ ನಡೆಯುತ್ತದೆ ಎಂದಿದ್ದಿರಿ. ಡಾಕ್ಟರು ನಮಗೆ ಹೇಳಿದ್ದು ಒಂದೇ ವರ್ಷ. ಅದನ್ನು ನಾವು ಅವನಿಗೆ ಹೇಳಿಲ್ಲ.

ನಿನ್ನೆ ಅವನೇ ಅಂದ: "ಅವ್ವಾ, ಹೊಸಾದು ಯಾಕ? ಕಾರ್ಡ್ ಅಷ್ಟ ಹಾಕ್ಸು. ನನಗ ಎರಡು ವರ್ಷ ಭಾಳ ಆತು."

ಒಲೆಯ ಮೇಲೆ ಹಾಲಿದೆ ಎಂದು ಒಳಗೆ ಹೋದೆ. ಹಾಲು ಇಟ್ಟಿರಲಿಲ್ಲ.

ಹೊಸದನ್ನೇ ಕಟ್ಟಿ ತನ್ನಿ. ಎಂಟು ವರ್ಷ ಬರುತ್ತದೆ ಎಂದು ಅವನ ಮುಂದೆ ಜೋರಾಗಿ ಹೇಳಿ. ಹೇಳುವಾಗ ನನ್ನ ಮುಖ ಮಾತ್ರ ನೋಡಬೇಡಿ.

ನಿಮ್ಮ ದಾರಿ ಕಾಯುವ,
ಭುವನೇಶ್ವರಿ