ಹಳದಿ ಮುಚ್ಚಳ

ಮಾರ್ಚ್ 9, ಸೋಮವಾರ. ಸಂಜೆ

ವರ್ಕ್‌ಶಾಪಿನಲ್ಲಿ ಮೂರನೆಯ ಸಲ ಟೆಸ್ಟ್. ಮೂರು ಸಲವೂ ಸರಿ. ಎಕ್ಸ್‌ಕವೇಟರಿನ ಬಕೆಟ್ ತುಂಬ ಕಲ್ಲು ತುಂಬಿಸಿ ಎತ್ತಿಸಿದೆ — ತೋಳು ಸಲೀಸಾಗಿ ಮೇಲೆ ಹೋಯಿತು. ಹೋದ ವಾರವಷ್ಟೇ ಇದರ ಎಣ್ಣೆ ಹರಿಯುವ ಹೋಸ್‌ಗಳನ್ನೆಲ್ಲ ನಾನೇ ಬಿಚ್ಚಿ ತೊಳೆದು ಹಾಕಿದ್ದೇನೆ. ಆದರೂ ಕ್ವಾರಿಯಿಂದ ದೂರು: ಭಾರ ಎತ್ತುವಾಗ ನಡುನಡುವೆ ಶಕ್ತಿಯೇ ಇಲ್ಲದ ಹಾಗೆ ನಿಂತುಬಿಡುತ್ತದಂತೆ. ದೂರು ಕೊಟ್ಟವನು ಅದನ್ನು ಓಡಿಸುವವನೇ. ನನ್ನ ತಮ್ಮ.

“ಅಕ್ಕ, ಶುರುವಲ್ಲಿ ಚೆನ್ನಾಗೇ ಇರುತ್ತೆ. ಆಮೇಲೆ ಇದ್ದಕ್ಕಿದ್ದ ಹಾಗೆ ಸೋಮಾರಿ ಆಗುತ್ತೆ. ಆಫ್ ಮಾಡಿ ಆನ್ ಮಾಡಿದ್ರೆ ಮತ್ತೆ ಸರಿ.”

“ಅದೇನು ಮೊಬೈಲಾ, ಆಫ್ ಮಾಡಿ ಆನ್ ಮಾಡೋಕೆ?” ಅಂದೆ. ವರ್ಕ್‌ಶಾಪಿನವರೆಲ್ಲ ನಕ್ಕರು. ಅವನು ನಗಲಿಲ್ಲ.

ರಿಪೋರ್ಟ್ ಬರೆದೆ. ತೋಳಿಗೆ ಎಣ್ಣೆ ತಳ್ಳುವ ಪಂಪ್ ಸರಿಯಿದೆ. ದೋಷ ಓಡಿಸುವ ರೀತಿಯಲ್ಲಿದೆ. ಸಹಿ ಮಾಡಿ ಮಷೀನನ್ನು ಕ್ವಾರಿಗೆ ವಾಪಸ್ ಕಳಿಸಿದೆ. ತಮ್ಮ ಅಂತ ಬಿಟ್ಟುಕೊಟ್ಟರೆ ನಾಳೆ ನನ್ನ ಮಾತಿಗೆ ಯಾರು ಬೆಲೆ ಕೊಡುತ್ತಾರೆ?

ಮಾರ್ಚ್ 10, ಮಂಗಳವಾರ

ವೆಲ್ಡರ್‌ಗೆ ಚೆನ್ನಾಗಿ ಬೈದೆ. ಬಿಚ್ಚಿದ ಹೋಸನ್ನು ಬಾಯಿ ತೆರೆದೇ ನೆಲದ ಮೇಲೆ ಎಸೆದಿದ್ದ. ಹೋಸ್ ಬಿಚ್ಚಿದ ಕೂಡಲೇ ಅದರ ಬಾಯಿಗೆ ಪ್ಲಾಸ್ಟಿಕ್ ಮುಚ್ಚಳ ಬೀಳಬೇಕು — ಇಪ್ಪತ್ತು ವರ್ಷಗಳಿಂದ ನನ್ನ ಕಟ್ಟಪ್ಪಣೆ. ಚಿಟಿಕೆ ಧೂಳು ಒಳಗೆ ಹೋದರೂ ಪಂಪಿನ ಕತೆ ಮುಗಿಯಿತು. ಮುಚ್ಚಳಗಳನ್ನು ತರಿಸುವವಳೂ ನಾನೇ. ಎಣ್ಣೆಯ ನಡುವೆ ಎದ್ದು ಕಾಣಲಿ ಅಂತ ಹಳದಿ ಬಣ್ಣದವು. ಬೆನ್ನ ಹಿಂದೆ ನನ್ನನ್ನು ‘ಮುಚ್ಚಳಮ್ಮ’ ಅನ್ನುತ್ತಾರೆ, ಗೊತ್ತು. ಹೆಸರಿಟ್ಟವನು ತಮ್ಮ. ಅವನು ಮಾತ್ರ ಎದುರಿಗೇ ಕರೆಯುತ್ತಾನೆ.

ರಾತ್ರಿ ಊಟಕ್ಕೆ ಬರಲಿಲ್ಲ. ಎರಡು ಬೀದಿ ಆಚೆ ಅವನ ರೂಮು. ಊಟ ದಿನವೂ ನಮ್ಮಲ್ಲೇ.

“ಏನಂದೆ ಅವನಿಗೆ?” ಅಮ್ಮ ಕೇಳಿದಳು.

“ಏನೂ ಅನ್ನಲಿಲ್ಲ. ಬರೆದೆ.”

“ಅಂದಿದ್ರೇ ಚೆನ್ನಾಗಿತ್ತು,” ಅಂತ ಅವನ ತಟ್ಟೆ ಎತ್ತಿಟ್ಟಳು.

ಮಾರ್ಚ್ 13, ಶುಕ್ರವಾರ. ಮಧ್ಯಾಹ್ನ 12

ಎರಡು ದಿನ ಏನೂ ಬರೆದಿಲ್ಲ. ತಮ್ಮನೂ ಬಂದಿಲ್ಲ.

ಈಗ ಕ್ವಾರಿ ಯಜಮಾನರ ಫೋನು. “ನಿಮ್ಮ ತಮ್ಮ ಇವತ್ತೂ ಎರಡು ಸಲ ಕಲ್ಲು ಎತ್ತಿ ಅರ್ಧಕ್ಕೇ ನಿಲ್ಲಿಸಿದ ನೋಡಿ. ಲಾರಿಗಳು ಸಾಲಾಗಿ ಕಾಯ್ತಾ ಇವೆ. ಮಷೀನ್ ಸರಿಯಿದೆ ಅಂತ ನೀವೇ ಬರೆದುಕೊಟ್ಟಿದ್ದೀರಿ. ಮನೆಗೆ ಹೋಗಪ್ಪ ಅಂತ ಕಳಿಸಿದೆ. ನಾಳೆಯಿಂದ ಬೇರೆಯವನು.”

ಹನ್ನೊಂದು ವರ್ಷ ಅದೇ ಸೀಟಿನಲ್ಲಿ ಕೂತವನು. ಮಷೀನನ್ನು ಮನೆ ಮಗುವಿನ ಹಾಗೆ ಒರೆಸಿಡುವವನು. ಅವನ ಕೆಲಸ ಕಳೆದದ್ದು ನನ್ನ ಒಂದು ಸಾಲು, ನನ್ನ ಸಹಿ.

ಇನ್ನು ಕೂರಲಾರೆ. ಒತ್ತಡ ಅಳೆಯುವ ಎರಡು ಗೇಜ್ ತೆಗೆದುಕೊಂಡು ಹೊರಟೆ.

ಅದೇ ದಿನ. ಸಂಜೆ 5, ಕ್ವಾರಿ ಆಫೀಸಿನ ಬೆಂಚು

ಮನೆಗೆ ಹೋಗುವವರೆಗೆ ಕಾಯಲಾರೆ. ಇಲ್ಲೇ ಬರೆಯುತ್ತೇನೆ.

ಪಂಪಿಗೆ ಬೆರಳು ದಪ್ಪದ ಒಂದು ಹೋಸ್ ಹೋಗುತ್ತದೆ. ತೋಳು ಎಷ್ಟು ಭಾರ ಎತ್ತುತ್ತಿದೆ ಅನ್ನುವ ಸುದ್ದಿ, ಅಂದರೆ ಆ ಒತ್ತಡ, ವಾಲ್ವ್‌ನಿಂದ ಪಂಪಿಗೆ ಮುಟ್ಟುವುದು ಅದರಲ್ಲೇ. ಸುದ್ದಿ ಮುಟ್ಟಿದರೆ ಪಂಪ್ ಆ ಒತ್ತಡಕ್ಕಿಂತ ಇಪ್ಪತ್ತು ಬಾರ್ ಮೇಲೆಯೇ ನಿಲ್ಲುತ್ತದೆ, ಬೇಕಾದಷ್ಟು ಎಣ್ಣೆ ತಳ್ಳುತ್ತದೆ. ಮುಟ್ಟದಿದ್ದರೆ ಕೆಲಸವೇ ಇಲ್ಲ ಅಂದುಕೊಂಡು ತೂಕಡಿಸುತ್ತದೆ.

ಆ ಹೋಸಿನ ಎರಡೂ ತುದಿಗೆ ಗೇಜ್ ಹಾಕಿದೆ. ನಾನೇ ಸೀಟಿನಲ್ಲಿ ಕೂತು ಎತ್ತಿದೆ, ಇಳಿಸಿದೆ. ಐವತ್ತು ನಿಮಿಷ ಏನೂ ಇಲ್ಲ. ಬೆವರಿಗೆ ಬಟ್ಟೆ ಮೈಗಂಟಿತ್ತು. ಸಾಕು, ಇಳಿಯೋಣ ಅನ್ನುವಾಗ — ತೋಳು ನಿಂತಿತು. ಗೇಜ್ ನೋಡಿದೆ. ವಾಲ್ವ್ ಕಡೆ ನೂರೈವತ್ತು. ಪಂಪ್ ಕಡೆ ಸೊನ್ನೆ!

ಆಫ್ ಮಾಡಿದೆ. ಆನ್ ಮಾಡಿದೆ. ಎರಡೂ ಕಡೆ ನೂರೈವತ್ತು. ತಮ್ಮ ಹೇಳಿದ್ದು ಅಕ್ಷರಶಃ ಇದನ್ನೇ.

ಬಕೆಟ್ ನೆಲಕ್ಕಿಳಿಸಿ, ಒತ್ತಡ ಬಿಟ್ಟು, ಹೋಸ್ ಬಿಚ್ಚಿದೆ. ತಂತಿ ಹಾಕಿ ಎಳೆದರೆ ಬಂತು — ತೆಳ್ಳಗೆ, ಗುಂಡಗೆ, ಕಿರುಬೆರಳಿನ ಉಗುರಿನಷ್ಟು. ಹಳದಿ.

ನನ್ನ ಮುಚ್ಚಳದ ತಳ. ಹೋದ ವಾರ ಮುಚ್ಚಳ ಕೀಳುವಾಗ ತಳ ಹರಿದು ಒಳಗೇ ಉಳಿದಿದೆ. ನಾನು ನೋಡಿಲ್ಲ. ಎಣ್ಣೆಯ ಜೊತೆ ತೇಲಿ ಹೋಗಿ ಪಂಪ್ ಕಡೆಯ ತೂತಿಗೆ ಅಂಟಿಕೊಳ್ಳುತ್ತಿತ್ತು. ಆಫ್ ಮಾಡಿದರೆ ಬಿಟ್ಟುಕೊಳ್ಳುತ್ತಿತ್ತು. ಪಂಪಿನ ಕಿವಿಗೆ ಹತ್ತಿ ತುರುಕಿದವಳು ನಾನು. ನನ್ನ ಕಿವಿಗೇ ಮೊದಲು ತುರುಕಿಕೊಂಡಿದ್ದೆನೇನೋ.

ಮಷೀನಿನ ಚೈನ್ ಪಟ್ಟಿಯ ಮೇಲೆ ಕೂತು ನಕ್ಕೆ. ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಪಂಪ್ ಹಾಳಾಗಿಲ್ಲ. ತಮ್ಮ ಸುಳ್ಳು ಹೇಳಿಲ್ಲ. ಐದು ದಿನದಿಂದ ಎದೆಯ ಮೇಲೆ ಕೂತಿದ್ದ ಕಲ್ಲು ಇಳಿಯಿತು.

ಒಂದು ನಿಮಿಷ ಮಾತ್ರ, ಸುಳ್ಳೇಕೆ, ಅದನ್ನು ಮುಷ್ಟಿಯಲ್ಲೇ ಇಟ್ಟುಕೊಂಡಿದ್ದೆ. ಸುತ್ತ ಯಾರೂ ಇರಲಿಲ್ಲ. ಹೋಸ್ ಕಟ್ಟಿಕೊಂಡಿತ್ತು ಅಂದಿದ್ದರೆ ಮುಗಿಯುತ್ತಿತ್ತು. ಇಪ್ಪತ್ತು ವರ್ಷದ ಹೆಸರು... ಆಮೇಲೆ ಎದ್ದು ನೇರ ಯಜಮಾನರ ಮೇಜಿನ ಮೇಲೆ ಇಟ್ಟೆ.

ಕನ್ನಡಕ ಹಣೆಗೇರಿಸಿ ನೋಡಿದರು. “ಇಷ್ಟೇನಮ್ಮಾ?”

“ಇಷ್ಟೇ. ನನ್ನದೇ ತಪ್ಪು. ಅವನದ್ದೇನೂ ಇಲ್ಲ.”

ಅವರು ಅದನ್ನು ತಿರುಗಿಸಿ ನೋಡಿ ನನ್ನ ಕೈಗೇ ವಾಪಸ್ ಕೊಟ್ಟರು. “ನಾಳೆ ಏಳಕ್ಕೆ ಸರಿಯಾಗಿ ಬರಬೇಕು ಅವನು. ನಾನೇ ಫೋನ್ ಮಾಡ್ತೀನಿ. ನೀವು ಆ ರಿಪೋರ್ಟ್ ತಿದ್ದಿ ಕೊಡಿ.”

ತಿದ್ದಲಿಲ್ಲ. ಹೊಸದೇ ಬರೆದುಕೊಟ್ಟೆ. ದೋಷ: ರಿಪೇರಿ ಮಾಡಿದವರದು. ಕೆಳಗೆ ನನ್ನ ಸಹಿ, ಎಂದಿಗಿಂತ ದೊಡ್ಡದಾಗಿ.

ಅದೇ ದಿನ. 7.30, ಮನೆ

ಅಮ್ಮನಿಗೆ ಎಲ್ಲ ಹೇಳಿದೆ. “ಅವನಿಗೆ ಹೇಳಿದ್ಯಾ?” ಅಂದಳು. ಇಲ್ಲ. ಫೋನಿನಲ್ಲಿ ಹೇಳುವ ಮಾತಲ್ಲ. ಎದುರಿಗೇ ಹೇಳಬೇಕು, ಎಲ್ಲರೆದುರು ನಗಿಸಿದ್ದಕ್ಕೂ ಸೇರಿಸಿ. ಹೇಗೆ ಶುರು ಮಾಡಲಿ ಅಂತ ಆಗಲಿಂದ ಮನಸ್ಸಿನಲ್ಲೇ ಬರೆದು ಅಳಿಸುತ್ತಿದ್ದೇನೆ. ತುಣುಕನ್ನು ಅವನ ತಟ್ಟೆಯ ಪಕ್ಕದಲ್ಲಿ ಇಟ್ಟಿದ್ದೇನೆ. ಬಂದರೆ ನೋಡಲಿ. ಬರದಿದ್ದರೆ ನಾನೇ ಅವನ ರೂಮಿಗೆ —

ಬೈಕಿನ ಸದ್ದು. ಗೇಟಿನ ಹತ್ತಿರ ನಿಂತಿತು.

“ಮುಚ್ಚಳಮ್ಮನವರು ಮನೇಲಿದ್ದಾರಾ?”

ಅಮ್ಮ ಬಾಗಿಲಿಗೆ ಓಡಿದಳು. ಪೆನ್ನು ಕೆಳಗಿಡುತ್ತೇನೆ, ಎದುರಿಗೇ ಹೇಳುವ ಹೊತ್ತು ಬಂತು.