ಗುಡೇಮಾರನಹಳ್ಳಿ ಕೆರೆಯ ತಳ

ಫೆಬ್ರವರಿ 3, ಬೆಳಗ್ಗೆ 6

ಚನ್ನಪಟ್ಟಣ. ಚಹಾ ಆಯಿತು. ಕೆರೆಗಳ ತಳಕ್ಕೆ ಇಳಿಸಿ ತಂದ ಎರಡೂ ಪೈಪ್ ಇವತ್ತು ಸೀಳುವುದು. ಒಂದರಲ್ಲಿ ಗುಡೇಮಾರನಹಳ್ಳಿ ಕೆರೆಯ ಕೆಸರು, ಇನ್ನೊಂದರಲ್ಲಿ ನಾಲ್ಕು ಕಿಲೋಮೀಟರ್ ಆಚೆಯ ಚಿಕ್ಕಕೆರೆಯದು. ಆರುನೂರು ವರ್ಷದ ಹಿಂದಿನ ಬರದಲ್ಲಿ ಇವು ಏನಾದವು ಅಂತ ಕೆಸರನ್ನೇ ಕೇಳಬೇಕು. ನನ್ನ ಪಿಎಚ್‌ಡಿ ಇಷ್ಟೇ.

ಸಂಜೆ

ಒಂದು ಪೈಪಿನಲ್ಲಿ 140 ಸೆಂಟಿಮೀಟರ್ ಆಳಕ್ಕೆ ಬೆಳ್ಳಗಿನ ಗಟ್ಟಿ ಪದರ — ಆ ಬರದಲ್ಲಿ ಕೆರೆ ಒಣಗಿತ್ತು. ಇನ್ನೊಂದರಲ್ಲಿ ಉದ್ದಕ್ಕೂ ಕರಿ ಕೆಸರು — ಒಣಗಲೇ ಇಲ್ಲ! ಯಾವುದು ಯಾವ ಕೆರೆ? ಪೈಪಿನ ಬಾಯಿಗೆ ಹಾಕಿದ್ದ ಮರದ ಬಿರಡೆ ನೋಡಿದೆ. ನಾನು ಬರೆದಿದ್ದ ಹೆಸರಿಲ್ಲ. ಕೆಂಪು, ಹಳದಿ, ಫಳಫಳ. ಅಬ್ಬಾ ಬೊಂಬೆ ಮಾಡುವವರು... ಬೋಳು ಮರ ಕಂಡರೆ ಕೈ ಸುಮ್ಮನಿರುವುದಿಲ್ಲ. ಬಿರಡೆ ಬಿಚ್ಚಿ, ಲೇತಿಗೆ ಹಾಕಿ, ಹೆಸರು ಉಜ್ಜಿ, ಅರಗು ಹಚ್ಚಿಬಿಟ್ಟಿದ್ದಾರೆ.

"ಯೂನಿವರ್ಸಿಟಿಗೆ ಹೋಗೋ ಸಾಮಾನು ಬೇಟಾ... ಬರೀ ಮರ ಹೆಂಗ್ ಕಳ್ಸಲಿ?"

ಸಿಟ್ಟು ಬಂತು. ಅಳುವೂ.

ಫೆಬ್ರವರಿ 5

ಗೈಡ್ ಫೋನು. "ನೂರೀನ್, ಒಂದೇ ಮಳೆ, ಒಂದೇ ಬರ. ಒಂದು ಒಣಗಿ ಇನ್ನೊಂದು ಉಳೀತು ಅಂದ್ರೆ ಯಾರು ನಂಬ್ತಾರೆ? ಮೇಲೆ ಹೆಸರೂ ಇಲ್ಲ. ಈ ಚಾಪ್ಟರ್ ಬಿಟ್ಬಿಡಿ."

ಬಿಡುವುದಿಲ್ಲ.

ಫೆಬ್ರವರಿ 19

ಗುಡೇಮಾರನಹಳ್ಳಿ. ಮತ್ತೆ ಸೊಂಟದ ಮಟ್ಟ ನೀರು. ದಡದಲ್ಲಿ ಬಟ್ಟೆ ಒಗೆಯುತ್ತಿದ್ದ ಬೈರಮ್ಮಜ್ಜಿಗೆ ಗೈಡ್ ಮಾತು ಹೇಳಿದೆ. ನಕ್ಕುಬಿಟ್ಟರು.

"ಮಳೆ ಎಲ್ಲಾ ಕೆರೆಗೂ ಒಂದೇ ಕಣವ್ವ. ತಳ ಒಂದೇನಾ? ಆ ಮೂಲೇಲಿ ಒರತೆ ಐತೆ. ಹೂಳು ತಗ್ಯೋವಾಗ್ಲೂ ನಮ್ಮೋರು ಅಲ್ಲಿಗೆ ಗುದ್ಲಿ ಹಾಕಾಕಿಲ್ಲ. ಕಾಲಿಟ್ಟು ನೋಡು, ಬೆಳಗ್ಗೆ ಒಸಿ ಬೆಚ್ಚಗಿರ್ತದೆ."

ಇಟ್ಟೆ. ಬೆಚ್ಚಗಿತ್ತು! ಥರ್ಮಾಮೀಟರೂ ಹೌದೆಂದಿತು — ಉಳಿದ ಕಡೆಗಿಂತ ಮೂರು ಡಿಗ್ರಿ ಹೆಚ್ಚು. ನೆಲದೊಳಗಿನ ನೀರು ಕೆರೆಗೆ ಬರುತ್ತಿದೆ. ಆದರೆ ಇದು ಇವತ್ತಿನ ಮಾತು. ಆರುನೂರು ವರ್ಷದ ಹಿಂದಿನದಕ್ಕೆ ಕೆಸರೇ ಸಾಕ್ಷಿ.

ಅಲ್ಲೇ ಹೊಸ ಪೈಪ್ ಇಳಿಸಿದೆ. ಪೈಪಿನ ಮೈಮೇಲೆಯೇ ಊರ ಹೆಸರು ಮೊಳೆಯಲ್ಲಿ ಗೀಚಿದೆ. ಅಬ್ಬಾರ ಅರಗಿಗೆ ಸಿಗದ ಹಾಗೆ.

ಫೆಬ್ರವರಿ 21, ಮಧ್ಯಾಹ್ನ 12

ಅಬ್ಬಾ ತಾವೇ ಗರಗಸ ತಂದರು. ಬಿರಡೆಯ ಆ ದಿನದಿಂದ ನಮ್ಮ ಮಾತು ಕಡಿಮೆ. ಇಬ್ಬರೂ ಸೇರಿ ಸೀಳಿದೆವು. ಅರವತ್ತು — ಕಪ್ಪು. ನೂರು — ಕಪ್ಪು. ನೂರಮೂವತ್ತು... ನನಗೆ ನೋಡಲಾಗಲಿಲ್ಲ. ಅಬ್ಬಾ ಬಗ್ಗಿ, ಬೆರಳಿಟ್ಟು, "ನೂರನಲವತ್ತು. ಕರ್ರಗೈತೆ ಬೇಟಾ. ಬಿಳೀದು ಎಲ್ಲೂ ಇಲ್ಲ."

ಈ ಕೆರೆ ಬತ್ತಿರಲಿಲ್ಲ. ಬತ್ತಿದ್ದು ಚಿಕ್ಕಕೆರೆ. ಅರಗು ಮೆತ್ತಿದ ಆ ಕೈ ಹಿಡಿದುಕೊಂಡು ಅತ್ತೆ.

ಗೈಡ್‌ಗೆ ಫೋನ್ ಮಾಡಿದ್ದೇನೆ. ರಿಂಗ್ ಆಗುತ್ತಿದೆ. ಮೊದಲು ಬೈರಮ್ಮಜ್ಜಿಯ ಪ್ರಶ್ನೆಯನ್ನೇ ಕೇಳುವುದು. ಸರ್, ತಳ ಒಂದೇನಾ... ಎತ್ತಿದರು —